ಗಿಡ ಕಡಿಯೋ ಕೆಲಸಕ್ಕ ಕೊಟೇಶನ್ ಹೆಂಗ ಬರೀಬೇಕ್ರಿ, ಕರಾರು ಬೇಕೇ ಬೇಕಾ?

ಅನಗೋಳ ಹಗ್ಗ:
ಎಲ್ಲಾರಿಗೂ ನಮಸ್ಕಾರ್ರಿ. ನಾವು ನಾಕು ಮಂದಿ ಸೇರಿ ಬೆಳಗಾವ್ಯಾಗ ಗಿಡ ಕಡಿಯೋದು, ಟೊಂಗಿ ಹೊಡಿಯೋದು, ತೆಂಗು ಸ್ವಚ್ಛ ಮಾಡೋದು ಈ ಕೆಲಸ ಮಾಡ್ತೇವಿ. ಚೈನ್‌ಸಾ ಅದಾವ, ಹಗ್ಗ ಬೆಲ್ಟ್ ಅದಾವ, ಟ್ರ್ಯಾಕ್ಟರ್ ಬಾಡಗಿ ತರ್ತೇವಿ. ಟಿಳಕವಾಡಿ, ಹಿಂಡಲಗಾ, ಶಹಾಪುರ ಕಡೆ ಫೋನ್ ಮ್ಯಾಲ ಮಾತಾಡಿ ರೇಟ್ ಹೇಳಿ ಕೆಲಸ ಮುಗಿಸ್ತಿದ್ವಿ. ಈ ಸಲ ಏನಾತಂದ್ರ ಒಂದು ಅಪಾರ್ಟ್‌ಮೆಂಟಿನವ್ರು ಕಂಪೌಂಡಿನ್ಯಾಗಿನ ಗುಲ್‌ಮೊಹರ್ ತೆಗೀರಿ, ಎಲ್ಲಾ ಕ್ಲೀನ್ ಮಾಡಿ ಕೊಡ್ರಿ ಅಂದ್ರು, ನಾವು ಕಡಿದು ತುಂಡು ಮಾಡಿ ಟ್ರಾಲಿ ತುಂಬಿ ಕಳಿಸಿದ್ವಿ, ಆಮ್ಯಾಲ ಬ್ಯಾಲೆನ್ಸ್ ಕೇಳಿದ್ರ ಬೊಡ್ಡಿ ಕಿತ್ತೇ ಇಲ್ಲಲ್ಲ, ಕ್ಲೀನ್ ಅಂದ್ರ ಬೊಡ್ಡಿ ಸೈತ ಬಂತು ಅಂತ ರೊಕ್ಕ ಹಿಡಕೊಂಡು ಕುಂತಾರ. ಬೊಡ್ಡಿ ಕೀಳಾಕ ಜೆಸಿಬಿ ಬೇಕು, ಅಲ್ಲೆ ಒಳಗ ಜೆಸಿಬಿ ಹೋಗಂಗಿಲ್ಲ, ಕೆಳಗ ನೀರಿನ ಪೈಪ್ ಐತಿ. ಈಗ ಉದ್ಯಮಬಾಗದಾಗ ಒಂದು ಫ್ಯಾಕ್ಟರಿ, ಒಂದು ಸಾಲಿ, ಇಬ್ಬರೂ ಲೆಟರ್‌ಹೆಡ್ ಮ್ಯಾಲ ಕೊಟೇಶನ್ ಕೊಡ್ರಿ ಅನ್ನಾಕತ್ತಾರ. ಏನೇನು ಬರೀಬೇಕು, ಮುಂಗಡ ಎಷ್ಟು ಕೇಳಬೇಕು, ಪರ್ಮಿಷನ್ ಯಾರು ತರಬೇಕು, ಜಿಎಸ್‌ಟಿ ಬೇಕಾ? ಗೊತ್ತಿದ್ದವ್ರು ದಯಮಾಡಿ ಹೇಳ್ರಿ.

ಹಿಂಡಲಗಾ ಗರಗಸ:
ತಮ್ಮಾ, ಮೊದಲ ಮಾತು, ವಾಟ್ಸಾಪಿನ್ಯಾಗ ಫೋಟೋ ನೋಡಿ ರೇಟ್ ಹೇಳಬ್ಯಾಡ. ಫೋಟೋದಾಗ ಗಿಡ ಕಾಣ್ತೈತಿ, ಗಿಡದ ಹಿಂದಿನ ಪತ್ರಾಸ್ ಶೆಡ್ ಕಾಣಂಗಿಲ್ಲ, ಬಾಜೂ ಮನಿ ಸೋಲಾರ್ ಕಾಣಂಗಿಲ್ಲ. ಸ್ವತಃ ಹೋಗಿ ನಿಂತು ನೋಡಬೇಕು. ಟೇಪ್ ತಗೊಂಡು ಎದಿ ಎತ್ತರಕ್ಕ, ಅಂದ್ರ ನೆಲದಿಂದ ನಾಕೂವರಿ ಫುಟ್ ಮ್ಯಾಲ ಸುತ್ತಳತಿ ಹಿಡಿ. ಗಿಡ ಯಾವ ಕಡೆ ವಾಲೇತಿ ನೋಡು, ಕೊಡಲಿ ಹಿಂಬದಿಯಿಂದ ಬೊಡ್ಡಿ ಬಡದು ಕೇಳು, ಪೊಳ್ಳಿದ್ರ ಸಪ್ಪಳನ ಬ್ಯಾರೆ ಬರ್ತೈತಿ, ಪೊಳ್ಳ ಗಿಡಕ್ಕ ಹುಡುಗನ್ನ ಹತ್ತಿಸೋ ಪ್ರಶ್ನೆನ ಇಲ್ಲ, ಕ್ರೇನ್ ಬೇಕು, ಅಲ್ಲಿಗೆ ರೇಟ್ ಪೂರ್ತಿ ಬದಲಾತು. ಒಣ ಟೊಂಗಿ, ಹೆಜ್ಜೇನು, ಹಕ್ಕಿ ಗೂಡು, ಕರೆಂಟ್ ವಾಯರ್, ಟ್ರಾಲಿ ಎಲ್ಲಿತನಕ ಬರ್ತೈತಿ, ತುಂಡು ಎಷ್ಟು ದೂರ ಹೊರಬೇಕು, ಇದೆಲ್ಲಾ ಅಲ್ಲೇ ನಿಂತು ಬರಕೋ.

ಭಾರದ ಅಂದಾಜು ಭಾಳ ಮಂದಿಗೆ ಇರಂಗಿಲ್ಲ. ಸುತ್ತಳತಿ 6 ಫುಟ್ ಇದ್ರ ದಪ್ಪ ಹತ್ತತ್ರ 1.9 ಫುಟ್ ಆಗ್ತೈತಿ. ಹಸಿ ಕಟಗಿ ಒಂದು ಘನ ಮೀಟರಿಗೆ 900 ಕೆಜಿ ಹಿಡದ್ರ 4 ಫುಟ್ ಉದ್ದದ ಒಂದು ತುಂಡು ಸುಮಾರು 290 ಕೆಜಿ. ಅದನ್ನ ಕಂಪೌಂಡ್ ದಾಟಿಸಿ ಹೊರಾವ್ರು ಯಾರು, ಎಷ್ಟು ಮಂದಿ? ಸಣ್ಣ ತುಂಡು ಮಾಡಿದ್ರ ಗರಗಸದ ಹೊತ್ತು ಹೆಚ್ಚು, ದೊಡ್ಡ ತುಂಡು ಬಿಟ್ರ ಕ್ರೇನ್. ಕಡಿಯೋದಕ್ಕಿಂತ ಸಾಗಿಸೋದರಾಗ ಹೆಚ್ಚು ರೊಕ್ಕ ಹೋಗ್ತಾವ, ಹೊಸಬ್ರು ಕಡಿಯೋದಕ್ಕಷ್ಟ ರೇಟ್ ಹಾಕ್ತಾರ.

ಕೊಟೇಶನ್ನಿನ್ಯಾಗ ಒಂದೊಂದು ಗಿಡಕ್ಕೂ ಒಂದೊಂದು ಸಾಲು ಹಾಕು. ಯಾವ ಗಿಡ, ಎಲ್ಲೈತಿ, ಸುತ್ತಳತಿ ಎಷ್ಟು, ಏನು ಮಾಡ್ತೇವಿ. ಅದರ ಕೆಳಗ "ಇದರಾಗ ಇಲ್ಲದ್ದು" ಅಂತ ಬ್ಯಾರೇನ ಬರಿ. ಬೊಡ್ಡಿ ಕೀಳೋದು ಇಲ್ಲ, ಬೇರು ತೆಗಿಯೋದು ಇಲ್ಲ, ಪೇವರ್ ತೆಗದು ಮತ್ತ ಹಾಕೋದು ಇಲ್ಲ, ತಗ್ಗು ತುಂಬೋದು ಇಲ್ಲ. ನಿನ್ನ ಅಪಾರ್ಟ್‌ಮೆಂಟಿನ ಜಗಳ ಪೂರಾ ಆ ಒಂದು ಸಾಲು ಇಲ್ಲದ್ದಕ್ಕ ಬಂದದ್ದು.

ಟಿಳಕವಾಡಿ ಸೊಸೈಟಿ:
ನಾನು ಗಿರಾಕಿ ಕಡೆಯವ, ನಮ್ಮ ಸೊಸೈಟಿ ಕಮಿಟಿಯಲ್ಲಿ ಇದ್ದೀನಿ, ಅದಕ್ಕೆ ಇನ್ನೊಂದು ಬದಿಯಿಂದ ಹೇಳ್ತೀನಿ. ನಾವು ರೇನ್ ಟ್ರೀ ಟೊಂಗೆ ಕಡಿಸೋಕೆ ಕೊಟೇಶನ್ ತರಿಸಿದ್ವಿ. ಒಬ್ಬರು ಚೀಟಿ ಮೇಲೆ "ಎಲ್ಲಾ ಸೇರಿ ಇಷ್ಟು" ಅಂತ ಒಂದೇ ಸಾಲು ಬರೆದು ಕೊಟ್ರು. ಇನ್ನೊಬ್ಬರು ಎರಡು ಪುಟ ಬರೆದಿದ್ರು, ಯಾವ ಟೊಂಗೆ, ಗೇಟಿನ ಮೇಲೆ ಬಂದಿರೋದು, ಟ್ರಾನ್ಸ್‌ಫಾರ್ಮರ್ ಕಡೆ ಹೋಗಿರೋದು, ಎಷ್ಟು ದಿನ, ಕಾರು ಯಾವಾಗ ತೆಗೀಬೇಕು, ಹುಡುಗರಿಗೆ ಇನ್ಶೂರೆನ್ಸ್ ಇದೆ ಅಂತ ಪಾಲಿಸಿ ಕಾಪಿ. ಅವರ ರೇಟ್ ಜಾಸ್ತಿನೇ ಇತ್ತು, ಆದ್ರೂ ಕಮಿಟಿ ಅವರಿಗೇ ಕೊಟ್ಟಿತು. ಯಾಕಂದ್ರೆ ನಾಳೆ ಜನರಲ್ ಬಾಡಿಯಲ್ಲಿ ಯಾರಾದ್ರೂ ಎದ್ದು ನಿಂತು ಕೇಳಿದ್ರೆ ನಾವು ಉತ್ತರ ಕೊಡಬೇಕು, ಆ ಚೀಟಿ ಹಿಡಿದು ಏನಂತ ಹೇಳೋದು? ಕಡಿಮೆ ರೇಟ್ ಹಾಕಿದ್ರೆ ಮಾತ್ರ ಕೆಲಸ ಸಿಗುತ್ತೆ ಅನ್ನೋ ಹೆದರಿಕೆ ಬಿಡಿ, ಕಾಗದ ಗಟ್ಟಿ ಇರಲಿ.

ಇನ್ನೊಂದು ಮಾತು, ಬೆಳಗಾವಿಯಲ್ಲಿ ಸುಮಾರು ಕಮಿಟಿಗಳಲ್ಲಿ ಕನ್ನಡ, ಮರಾಠಿ ಎರಡೂ ಓದೋರು ಇರ್ತಾರೆ. ಎರಡೂ ಭಾಷೆಯಲ್ಲಿ ಒಂದೊಂದು ಪ್ರತಿ ಕೊಟ್ರೆ ಎಲ್ಲರೂ ಓದಿ ಸಹಿ ಹಾಕ್ತಾರೆ, ಆಮೇಲೆ ನನಗೆ ತಿಳೀಲಿಲ್ಲ ಅನ್ನೋ ಮಾತು ಬರಲ್ಲ. ಆದ್ರೆ ಎರಡರಲ್ಲೂ ಅಂಕಿ ಒಂದೇ ಇದೆಯಾ ಅಂತ ನೋಡಿ ಕೊಡಿ.

ಲೆಕ್ಕದ ವಹಿ:
ಟ್ಯಾಕ್ಸ್ ವಿಚಾರ ನಾನು ಹೇಳ್ತೇನ್ರಿ, ಇದ ನನ್ನ ಕೆಲಸ. ಸರ್ವಿಸ್ ಮಾಡಾವ್ರಿಗೆ ಕರ್ನಾಟಕದಾಗ ವರ್ಷದ ವಹಿವಾಟು 20 ಲಕ್ಷ ದಾಟೋತನಕ ಜಿಎಸ್‌ಟಿ ರಿಜಿಸ್ಟ್ರೇಷನ್ ಕಡ್ಡಾಯ ಇಲ್ಲ. ಆದ್ರ ಲಕ್ಷ್ಯ ಇರಲಿ, ಕೂಲಿ ಬಿಲ್ ಅಷ್ಟ ಅಲ್ಲ, ನೀವು ಕಟಗಿ ಮಾರಿದ ರೊಕ್ಕಾನೂ ಆ 20 ಲಕ್ಷದ ಲೆಕ್ಕದಾಗ ಬರ್ತೈತಿ, ಉರುವಲ ಕಟಗಿಗೆ ಟ್ಯಾಕ್ಸ್ ಇಲ್ಲದಿದ್ರೂ ವಹಿವಾಟಿನ್ಯಾಗ ಎಣಸ್ತಾರ. ರಿಜಿಸ್ಟ್ರೇಷನ್ ಇಲ್ಲದವ್ರು ಬಿಲ್ಲಿನ್ಯಾಗ ಜಿಎಸ್‌ಟಿ ಅಂತ ಒಂದು ರೂಪಾಯಿನೂ ಹಚ್ಚಬಾರದು. "ಜಿಎಸ್‌ಟಿ ನೋಂದಣಿ ಇಲ್ಲ" ಅಂತ ಕೆಳಗ ಒಂದು ಸಾಲು ಹಾಕ್ರಿ, ಸಾಕು. 20 ಲಕ್ಷ ದಾಟಿದ್ರ, 50 ಲಕ್ಷದೊಳಗ ಇದ್ರ, ಸರ್ವಿಸಿನವ್ರಿಗೆ 6% ಕಾಂಪೊಸಿಷನ್, ಅಂದ್ರ ಒಟ್ಟು ವಹಿವಾಟಿನ ಮ್ಯಾಲ ಒಂದ ದರದಾಗ ಟ್ಯಾಕ್ಸ್ ಕಟ್ಟೋ ಸ್ಕೀಮ್ ಐತಿ, ಅದು ನಿಮ್ಮ ಕೈಯಿಂದ ಕಟ್ಟೋದು, ಗಿರಾಕಿ ಮ್ಯಾಲ ಹಾಕಂಗಿಲ್ಲ, ಹಂಗಾಗಿ ರೇಟ್ ಹಾಕುವಾಗನ ಅದನ್ನ ಹಿಡೀಬೇಕು.

ಫ್ಯಾಕ್ಟರಿ, ಸಾಲಿ, ಸೊಸೈಟಿ ಇಂಥವ್ರು ಒಂದು ಬಿಲ್ 30 ಸಾವಿರ ದಾಟಿದ್ರ ಅಥವಾ ವರ್ಷದಾಗ ಒಟ್ಟು 1 ಲಕ್ಷ ದಾಟಿದ್ರ ಟಿಡಿಎಸ್, ಅಂದ್ರ ಇನ್‌ಕಮ್ ಟ್ಯಾಕ್ಸ್ ಬಾಬ್ತು ರೊಕ್ಕ ಕೊಡುವಾಗನ ಮುರಕೋತಾರ. ಒಬ್ಬನ ಹೆಸರಿನ್ಯಾಗ ಬಿಲ್ ಇದ್ರ 1%, ಪಾರ್ಟ್ನರ್‌ಶಿಪ್ ಫರ್ಮ್ ಇದ್ರ 2%. ಪ್ಯಾನ್ ಕೊಡಲಿಲ್ಲಂದ್ರ 20% ಹೋಗ್ತೈತಿ, ಅದಕ್ಕ ಕೊಟೇಶನ್ನಿನ್ಯಾಗ ಪ್ಯಾನ್ ನಂಬರ್ ಬರೀರಿ. ಮುರದದ್ದು ಕಳದು ಹೋದಂಗಲ್ಲ, ರಿಟರ್ನ್ ಹಾಕಿದ್ರ ಲೆಕ್ಕಕ್ಕ ಬರ್ತೈತಿ.

ಇನ್ನ ಉದ್ಯಮ್ ರಿಜಿಸ್ಟ್ರೇಷನ್, ಅಂದ್ರ ಸಣ್ಣ ಉದ್ಯೋಗದವ್ರು ಸರ್ಕಾರದ ಕಡೆ ಹೆಸರು ನೋಂದಾಯಿಸೋದು. ಪುಕ್ಕಟ, ಆಧಾರ್ ಪ್ಯಾನ್ ಇದ್ರ ಆನ್‌ಲೈನಿನ್ಯಾಗ ಆಗ್ತೈತಿ. ಇದು ಮಾಡಸಿದ್ರಿ ಅಂದ್ರ 2006ರ ಎಂಎಸ್‌ಎಂಇ (ಅತಿ ಸಣ್ಣ, ಸಣ್ಣ, ಮಧ್ಯಮ ಉದ್ಯೋಗದ) ಕಾನೂನು ನಿಮ್ಮ ಬೆನ್ನಿಗೆ ನಿಲ್ತೈತಿ. ಕರಾರು ಇದ್ರ ಹೆಚ್ಚಂದ್ರ 45 ದಿನ, ಕರಾರಿನ್ಯಾಗ ದಿನ ಬರದಿಲ್ಲಂದ್ರ 15 ದಿನದಾಗ ರೊಕ್ಕ ಕೊಡಬೇಕು, ತಡ ಆದ್ರ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ. 2024ರ ಏಪ್ರಿಲಿನಿಂದ ಇನ್ನೊಂದು ಬಿಗಿ ಬಂದೈತಿ, ಆ ಅವಧಿಯೊಳಗ ನಿಮಗ ಕೊಡಲಿಲ್ಲಂದ್ರ ಕೊಡೋತನಕ ಆ ಖರ್ಚನ್ನ ಫ್ಯಾಕ್ಟರಿಯವ್ರು ತಮ್ಮ ಇನ್‌ಕಮ್ ಟ್ಯಾಕ್ಸಿನ್ಯಾಗ ತೋರಸಾಕ ಬರಂಗಿಲ್ಲ. ಮಾರ್ಚ್ ಬಂತಂದ್ರ ಅವರ ಅಕೌಂಟೆಂಟ್ ತಾನ ಫೋನ್ ಮಾಡ್ತಾನ. ಬಿಲ್ಲಿನ ಮ್ಯಾಲ ಉದ್ಯಮ್ ನಂಬರ್ ದೊಡ್ಡದಾಗಿ ಹಾಕ್ರಿ.

ಅನಗೋಳ ಹಗ್ಗ:
ಭಾಳ ಉಪಕಾರ ಆತ್ರಿ. ಪರ್ಮಿಷನ್ನಿಂದು ಹೇಳ್ರಿ. ಗಿರಾಕಿ ಅಂತಾರ ನೀವು ಕಡಿಯಾವ್ರು ನೀವ ತರ್ರಿ ಅಂತ.

ಖಾನಾಪುರ ರಸ್ತೆ:
ಅರ್ಜಿ ಹಾಕಬೇಕಾದವ್ರು ಜಾಗದ ಮಾಲಕರು. ನೀವು ಬೇಕಾದ್ರ ಓಡಾಡಿ ಕೊಡಬಹುದು, ಅದಕ್ಕ ಬ್ಯಾರೆ ಚಾರ್ಜ್ ಹಾಕ್ರಿ, ಆದ್ರ ಸಹಿ ಮಾಲಕರದ್ದ ಇರಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದ್ದು, ಅದರ ಪ್ರಕಾರ ವೃಕ್ಷಾಧಿಕಾರಿ ಪರವಾನಗಿ ಇಲ್ಲದ ಗಿಡ ಕಡಿಯಂಗಿಲ್ಲ, ನಿಮ್ಮ ಹಿತ್ತಲದಾಗಿನ ಗಿಡ ಆದ್ರೂ. ಅರ್ಜಿ ಅರಣ್ಯ ಇಲಾಖೆ ಆಫೀಸಿನ್ಯಾಗ ಕೊಡ್ರಿ. ಕೆಲವು ಜಾತಿಗೆ ಕಾಯ್ದೆದಾಗನ ವಿನಾಯಿತಿ ಐತಿ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಗಾಳಿ ಗಿಡ, ಸುಬಾಬುಲ್, ಗ್ಲಿರಿಸಿಡಿಯಾ, ಬಳ್ಳಾರಿ ಜಾಲಿ ಇವೆಲ್ಲಾ ಆ ಪಟ್ಟಿಯಾಗ ಬರ್ತಾವ. ಪಟ್ಟಿ ನಡುವ ತಿದ್ದುಪಡಿ ಆಗೇತಿ, ಹಂಗಾಗಿ ಬ್ಯಾರೆ ಯಾವುದರ ಜಾತಿ ಇದ್ರ ಆಫೀಸಿನ್ಯಾಗ ಕೇಳಿಕೊಂಡ ಕೊಟೇಶನ್ ಕೊಡ್ರಿ. ಶ್ರೀಗಂಧ ಇದ್ರಂತೂ ಕೈ ಹಚ್ಚಬ್ಯಾಡ್ರಿ, ಮಾಲಕ ಎಷ್ಟ ಧೈರ್ಯ ಹೇಳಲಿ. ಅದು ಮಾಲಕರದ್ದ ಇದ್ರೂ ಕಡಿಯೋದು ಸಾಗಿಸೋದು ಅರಣ್ಯ ಇಲಾಖೆ ಮೂಲಕನ ಆಗಬೇಕು. ತ್ಯಾಗ, ಬೀಟಿ, ಹೊನ್ನಿ ಇಂಥ ನಾಟಾ ಇದ್ರ ಸಾಗಿಸಾಕ ಪಾಸ್ ಬೇಕು, ಖಾನಾಪುರ ಕಡೆಯಿಂದ ಪಾಸ್ ಇಲ್ಲದ ಗಾಡಿ ತಂದ್ರ ಚೆಕ್‌ಪೋಸ್ಟಿನ್ಯಾಗ ನಿಲ್ಲಿಸ್ತಾರ.

ಬೆಳಗಾವ್ಯಾಗ ಇನ್ನೊಂದು ಐತಿ, ಕ್ಯಾಂಪ್ ಏರಿಯಾ. ಅಲ್ಲೆ ಕಂಟೋನ್ಮೆಂಟ್ ಬೋರ್ಡಿನ ಆಡಳಿತ, ಬಂಗ್ಲೆ ಕಂಪೌಂಡಿನ ಗಿಡ ಅಂದ್ರೂ ಮೊದಲ ಬೋರ್ಡ್ ಆಫೀಸಿಗೆ ಹೋಗಬೇಕು. ಮತ್ತ ರಸ್ತಾ ಬದಿ ಗಿಡ ಮನಿ ಮುಂದ ಇದ್ರೂ ಮನಿಯವ್ರದ್ದಲ್ಲ. "ನಮ್ಮ ಅಜ್ಜ ಹಚ್ಚಿದ್ದು" ಅಂದ್ರೂ ಅಲ್ಲ.

ಕೊಟೇಶನ್ನಿನ್ಯಾಗ ಹಿಂಗ ಬರೀರಿ: ಪರವಾನಗಿ ಪ್ರತಿ ನಮ್ಮ ಕೈಗೆ ಬಂದ ಮ್ಯಾಲ ಕೆಲಸ ಶುರು, ಪರವಾನಗಿಯಾಗ ಇರೋ ಗಿಡ ಬಿಟ್ಟು ಬ್ಯಾರೆ ಕಡಿಯಂಗಿಲ್ಲ. ಕೆಲಸದ ದಿನ ಆ ಪ್ರತಿ ಅಂಗಿ ಕಿಸೆದಾಗ ಇರಲಿ. ಯಾರರ ದೂರು ಕೊಟ್ರ ಮೊದಲ ಸಿಗಾಂವ ಗರಗಸ ಹಿಡಿದು ನಿಂತ ಹುಡುಗ, ಮಾಲಕ ಒಳಗ ಇರ್ತಾನ.

ಶಹಾಪುರ ಕೊಡಲಿ:
ಎಲ್ಲಾ ಖರೇರಿ, ಆದ್ರ ನಾವು ಸಣ್ಣ ಕೆಲಸದವ್ರು. ತೆಂಗಿನ ಗರಿ ತೆಗಿಯೋದು, ನುಗ್ಗಿ ಗಿಡ ಹೊಡಿಯೋದು, ಒಂದು ತಾಸಿನ ಕೆಲಸ. ಅಲ್ಲೆ ಹೋಗಿ ಕರಾರು ಸಹಿ ಹಾಕ್ರಿ ಅಜ್ಜಿ ಅಂದ್ರ ಅಜ್ಜಿ ಹೆದರಿ ಬಾಗಲಾ ಹಾಕ್ಕೋತಾಳ. ನಮ್ಮ ಮಂದಿಗೆ ಕಾಗದ ಅಂದ್ರ ಕೋರ್ಟ್ ನೆನಪಾಗ್ತೈತಿ. ನಂಬಿಕಿ ಮ್ಯಾಲ ನಡದೇತಿ ಇಷ್ಟ ವರ್ಷ.

ಲೆಕ್ಕದ ವಹಿ:
ನಂಬಿಕಿ ಇರಬೇಕ್ರಿ, ಇಲ್ಲಂದ್ರ ಯಾವ ಕಾಗದಾನೂ ಉಪಯೋಗ ಇಲ್ಲ. 1872ರ ಕರಾರು ಕಾಯ್ದೆ ಪ್ರಕಾರ ಬಾಯಿ ಮಾತಿನ ಕರಾರೂ ಕರಾರ. ಆದ್ರ ಏನು ಮಾತಾತು ಅನ್ನೋದಕ್ಕ ಸಾಕ್ಷಿ ಎಲ್ಲಿಂದ ತರ್ತೀರಿ? ಸಣ್ಣ ಕೆಲಸಕ್ಕ ವಾಟ್ಸಾಪಿನ್ಯಾಗ ನಾಕು ಸಾಲು ಕಳಸ್ರಿ: ಎರಡು ತೆಂಗು, ಒಣ ಗರಿ ಕಾಯಿ ತೆಗಿಯೋದು, ಗರಿ ಅಲ್ಲೇ ಮೂಲ್ಯಾಗ ಒಟ್ಟೋದು, ಇಷ್ಟು ರೂಪಾಯಿ, ಕೆಲಸ ಮುಗದ ಕೂಡಲೇ. ಅತ್ಲಾಗಿಂದ "ಆತು ಬರ್ರಿ" ಅಂತ ಬಂದ್ರ ಸಾಕು, ಆ ಮೆಸೇಜ್ ಅಳಸಬ್ಯಾಡ್ರಿ. ಅಜ್ಜಿ ಕಡೆ ವಾಟ್ಸಾಪ್ ಇಲ್ಲಂದ್ರ ಮಗನಿಗೆ ಕಳಸ್ರಿ. ಎಲೆಕ್ಟ್ರಾನಿಕ್ ದಾಖಲೆನೂ ಸಾಕ್ಷಿಯಾಗಿ ನಡೀತೈತಿ, ಅದಕ್ಕೊಂದು ಸರ್ಟಿಫಿಕೇಟ್ ಕೊಡಬೇಕಾಗ್ತೈತಿ ಅಷ್ಟ. ಬಾಕಿ ವಸೂಲಿಗೆ ದಾವೆ ಹಾಕೋ ಮುದ್ದತ್ತು ಮೂರು ವರ್ಷ.

ಸೊಸೈಟಿ, ಫ್ಯಾಕ್ಟರಿ, ಸಾಲಿ ಕೆಲಸಕ್ಕ ಮಾತ್ರ ಸಹಿ ಮಾಡಿದ ಕಾಗದ ಬೇಕ ಬೇಕು. ಯಾಕಂದ್ರ ಅಲ್ಲೆ ಮಾತಾಡಿದ ಮನಷ್ಯಾ ರೊಕ್ಕ ಕೊಡೋ ಹೊತ್ತಿಗೆ ಕುರ್ಚಿಯಾಗ ಇರ್ತಾನೋ ಇಲ್ಲೋ.

ಬೇವು ವಿಜಯಪುರ:
ನಮ್ಮ ಕಡೆ ಲೆಕ್ಕ ಉಲ್ಟಾ ಐತ್ರಿ. ಹೊಲದಾಗಿನ ಹುಣಸಿ, ಬೇವು, ಕರಿಜಾಲಿ ಕಡಸಬೇಕಂದ್ರ ಕಡಿಯಾಂವ ಮಾಲಕನಿಗೇ ರೊಕ್ಕ ಕೊಟ್ಟು ಕಟಗಿ ಒಯ್ತಾನ. ಅಡತಿಯವ್ರು ಗಿಡ ನೋಡಿ ಇಷ್ಟು ಟನ್ ಬೀಳ್ತೈತಿ ಅಂತ ಕಣ್ಣಂದಾಜಿನ್ಯಾಗ ಹೇಳ್ತಾರ. ಕಡದ ಮ್ಯಾಲ ಕಡಿಮಿ ಬಿತ್ತು ಅಂತ ಚೌಕಾಸಿ ಶುರು. ಇನ್ನ ಕೆಲವ್ರು "ಕಟಗಿ ನಮಗ, ಕೂಲಿ ನೀವು ಕೊಡೋದು ಬ್ಯಾಡ" ಅಂತ ಮುಗಸ್ತಾರ, ದಪ್ಪ ದಿಮ್ಮಿ ಗಾಡ್ಯಾಗ ಹೋಗ್ತಾವ, ಮುಳ್ಳು ತಪ್ಪಲ ಹೊಲದಾಗ ಬಿದ್ದಿರ್ತೈತಿ, ಬಿತ್ತೋ ಹೊತ್ತಿಗೆ ರೈತ ಸುಡಬೇಕು.

ನಾನು ಈಗ ಹೆಂಗ ಮಾಡ್ತೇನಂದ್ರ ಎರಡೂ ಬ್ಯಾರೆ ಬ್ಯಾರೆ ಬರೀತೇನಿ. ಒಂದು, ಕಡಿಯೋ ಕೂಲಿ ಇಷ್ಟು. ಇನ್ನೊಂದು, ಕಟಗಿ ನಾನು ತಗೊಂಡ್ರ ತೂಕದ ಚೀಟಿ ತೋರಿಸಿ ಟನ್ನಿಗೆ ಇಷ್ಟು ಕೊಡ್ತೇನಿ. ವೇಬ್ರಿಜ್ ಮ್ಯಾಲ ಖಾಲಿ ಗಾಡಿ ತೂಕ, ತುಂಬಿದ ಗಾಡಿ ತೂಕ, ಎರಡೂ ಚೀಟಿ ಮಾಲಕನ ಕೈಯಾಗ. ಕೂಲ್ಯಾಗ ಅದನ್ನ ವಜಾ ಮಾಡಿದ್ರ ಉಳದದ್ದು ಎಷ್ಟು ಅಂತ ಅವ್ರ ಕಣ್ಣ ಮುಂದನ ಐತಿ. ಎರಡನ್ನೂ ಕೂಡಿಸಿ ಒಂದ ಅಂಕಿ ಹೇಳಿದ್ರ ಯಾರಿಗೆ ಎಷ್ಟು ಹೋತು ಅನ್ನೋದು ಎಂದೂ ತಿಳಿಯಂಗಿಲ್ಲ, ಅಲ್ಲೇ ಸಂಶಯ ಹುಟ್ಟೋದು. ಹಸಿ ತೂಕನೋ ಒಣ ತೂಕನೋ ಅದನ್ನೂ ಬರೀರಿ, ತಿಂಗಳು ಬಿಟ್ಟು ತೂಗಿದ್ರ ಭಾಳ ಇಳೀತೈತಿ.

ಹಿಂಡಲಗಾ ಗರಗಸ:
ಬೇವಿನವ್ರು ಭಾಳ ಚೊಲೋ ಹೇಳಿದ್ರಿ. ನಾನು ಇನ್ನ ರೇಟ್ ಹೆಂಗ ಕೂಡಿಸ್ತೇನಿ ಒಂದು ಉದಾಹರಣೆ ಹಾಕ್ತೇನಿ, ಅಂಕಿ ಲೆಕ್ಕಕ್ಕಂತ ಹಿಡದದ್ದು, ನಿಮ್ಮ ಊರ ಪಗಾರ ನಿಮ್ಮದು ಹಾಕ್ಕೋರಿ. ಒಂದು ದಿನದ ಕೆಲಸ ಅನ್ನೋಣ. ಗಿಡ ಹತ್ತಾಂವ 1500, ಕೆಳಗಿನವ್ರು ಮೂರು ಮಂದಿಗೆ 800ರಂಗ 2400, ಪೆಟ್ರೋಲ್ ಆಯಿಲ್ ಚೈನ್ ಸವಕಳಿ 600, ಟ್ರಾಲಿ ಎರಡು ಖೇಪಿಗೆ 2400, ಹಗ್ಗ ಬೆಲ್ಟ್ ಬಾಬ್ತು 300, ಇನ್ಶೂರೆನ್ಸಿನ ಆ ದಿನದ ಪಾಲು 200, ಊಟ ಚಾ 500. ಕೂಡಿಸಿದ್ರ 7900. ಇದಕ್ಕ 10% ಅಡಚಣಿಗೆ ಅಂತ 790, ಆತು 8690. ಅದರ ಮ್ಯಾಲ 20% ಲಾಭ 1738. ಒಟ್ಟು 10,428, ಕೊಟೇಶನ್ 10,500. ಭಾಳ ಹುಡುಗ್ರು 6 ಸಾವಿರ ಹೇಳಿ ಕೆಲಸ ಹಿಡೀತಾರ ನೋಡ್ರಿ, ಅವ್ರು ಹಗ್ಗ ಹಳೇದಾದ್ರೂ ಬದಲ್ಸಂಗಿಲ್ಲ, ಯಾಕಂದ್ರ ಹಗ್ಗದ ರೊಕ್ಕ ಆ ರೇಟಿನ್ಯಾಗ ಇಲ್ಲೇ ಇಲ್ಲ. ಇದು ನನಗ ಭಾಳ ಸಂಕಟ ಆಗೋ ವಿಷಯ. ಹಗ್ಗ ಹರದ್ರ ಮ್ಯಾಲಿದ್ದಾಂವ ಯಾರದರ ಮನಿ ಮಗ.

ಮುಂಗಡ ಕೇಳಿದ್ದಿ. ಕ್ರೇನ್ ಅಥವಾ ಹೈಡ್ರಾ (ಓಡಾಡೋ ಸಣ್ಣ ಕ್ರೇನ್) ಬೇಕಾದ ಕೆಲಸ ಇದ್ರ ಆ ಬಾಡಗಿ ಪೂರ್ತಿ ಮುಂಗಡ ತಗೋ, ಅದನ್ನ ನೀ ಕೈಯಿಂದ ಕೊಡಬ್ಯಾಡ. ಉಳದದ್ದು ಗಿಡ ಕೆಳಗ ಬಂದ ದಿನ ಅರ್ಧ, ಸಾಗಿಸಿದ ದಿನ ಅರ್ಧ. ಮತ್ತ ಕೊಟೇಶನ್ ಎಷ್ಟು ದಿನ ನಡೀತೈತಿ ಅಂತ ಬರಿ, ನಾನು 15 ದಿನ ಹಾಕ್ತೇನಿ. ಮೇ ತಿಂಗಳದಾಗ ಕೊಟ್ಟ ರೇಟಿಗೆ ಜುಲೈದಾಗ ಕರದ್ರ ನಮ್ಮ ಬೆಳಗಾವಿ ಮಳ್ಯಾಗ ಆ ಕೆಲಸ ಎರಡು ಪಟ್ಟು ದಿನ ತಗೋತೈತಿ, ಗಿಡ ಜಾರ್ತಾವ, ಟ್ರಾಲಿ ಹುಗೀತೈತಿ.

ನವನಗರ ಬಾಗಲಕೋಟೆ:
ಇನ್ಶೂರೆನ್ಸ್ ಮಾತು ಬಂತಂತ ಬರೀತೇನಿ. ನಮ್ಮ ಕಡೆ ಒಬ್ಬ ಹುಡುಗ ಬೇವಿನ ಗಿಡದಿಂದ ಬಿದ್ದ, ಸೊಂಟ ಹೋತು. ಕೆಲಸ ಕೊಟ್ಟ ಮನಿಯವ್ರು ನಾವು ಗುತ್ತಿಗಿ ಕೊಟ್ಟೇವಿ ಅಂದ್ರು, ಗುತ್ತಿಗಿ ಹಿಡದಾಂವ ಅವ ನನ್ನ ಆಳಲ್ಲ, ಜೋಡಿ ಬಂದಾಂವ ಅಂದ. ಬಿದ್ದ ಹುಡುಗನ ಮನಿ ಹೆಣ್ಮಗಳು ದವಾಖಾನಿ ಬಿಲ್ ಹಿಡಕೊಂಡು ಎರಡೂ ಬಾಗಲಾ ಅಡ್ಡಾಡಿದ್ಲು. ಕೂಲಿ ಕೊಟ್ಟು ಕೆಲಸಕ್ಕ ಹಚ್ಚಿದ್ರ ಪೆಟ್ಟಿನ ಪರಿಹಾರದ ಹೊಣಿ ಹಚ್ಚಿದವನ ಮ್ಯಾಲ, 1923ರ ಕಾರ್ಮಿಕ ಪರಿಹಾರ ಕಾಯ್ದೆ ಕಾಲದಿಂದ ಇದು ಐತಿ. ಹಂಗಾಗಿ ವರ್ಕ್‌ಮೆನ್ ಕಾಂಪನ್ಸೇಷನ್ ಪಾಲಿಸಿ ಮಾಡಸ್ರಿ, ಮಾಡಸುವಾಗ ಎತ್ತರದ ಮ್ಯಾಲ ಗಿಡ ಕಡಿಯೋ ಕೆಲಸ ಅಂತ ಖರೇನ ಬರಸ್ರಿ, ಬ್ಯಾರೆ ಏನರ ಬರಸಿದ್ರ ಕ್ಲೇಮ್ ಹೊತ್ತಿಗೆ ತಕರಾರು ತಗೀತಾರ. ಅದರ ಜೋಡಿ ಪ್ರತಿ ಹುಡುಗನ ಬ್ಯಾಂಕ್ ಖಾತೆದಾಗ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಹಾಕಸ್ರಿ, ವರ್ಷಕ್ಕ 20 ರೂಪಾಯಿ, 18ರಿಂದ 70 ವಯಸ್ಸಿನವ್ರಿಗೆ, ಅಪಘಾತದಾಗ ಜೀವ ಹೋದ್ರ 2 ಲಕ್ಷ. ಅದು ದವಾಖಾನಿ ಖರ್ಚು ಕೊಡಂಗಿಲ್ಲ, ಆದ್ರ 20 ರೂಪಾಯಿಗೆ ಅದನ್ನ ಬಿಡಾಕ ಯಾವ ಕಾರಣಾನೂ ಇಲ್ಲ.

ಮತ್ತ ಕರೆಂಟ್. ವಾಯರ್ ಹತ್ರ ಟೊಂಗಿ ಇದ್ರ ಹೆಸ್ಕಾಂ (ನಮ್ಮ ಕಡೆ ಕರೆಂಟ್ ಕಂಪನಿ) ಸೆಕ್ಷನ್ ಆಫೀಸಿನಿಂದ ಲೈನ್ ಕ್ಲಿಯರ್, ಅಂದ್ರ ಲೈನ್ ಬಂದ್ ಮಾಡೇವಿ ಅನ್ನೋ ಒಪ್ಪಿಗಿ ತಗೊಂಡ ಗಿಡ ಹತ್ತಬೇಕು. ಲೈನ್‌ಮನ್ ಗುರ್ತದಾಂವ ಅದಾನ, ಫೋನ್ ಮಾಡಿದ್ರ ಬಂದ್ ಮಾಡ್ತಾನ ಅನ್ನೋದು ಬ್ಯಾಡ. ನವನಗರದ ಸೆಕ್ಟರಿನ್ಯಾಗ ಮನಿ ಕಟ್ಟಿದ ಹೊಸದಾಗಿ ಎಲ್ಲಾರೂ ಗೇಟ್ ಮುಂದ ಗಿಡ ಹಚ್ಚಿದ್ರು, ಈಗ ಅವು ಬೆಳದು ವಾಯರಿನ್ಯಾಗ ಹೊಕ್ಕಾವ, ಗಾಳಿ ಬಿಟ್ಟಾಗ ಕಿಡಿ ಬೀಳ್ತಾವ. ಕೊಟೇಶನ್ನಿನ್ಯಾಗ "ಲೈನ್ ಕ್ಲಿಯರ್ ಸಿಕ್ಕ ದಿನ ಕೆಲಸ, ಆ ದಿನ ಲೈನ್ ಬಂದ್ ಆಗಲಿಲ್ಲಂದ್ರ ಹುಡುಗ್ರ ಅರ್ಧ ಪಗಾರ ಗಿರಾಕಿ ಕೊಡಬೇಕು" ಅಂತ ಹಾಕ್ರಿ. ಗಾಳಿ ಮಳಿ ಬಂದ್ರ ಕೆಲಸ ನಿಲ್ಲಿಸೋ ಹಕ್ಕು ಗಿಡದ ಮ್ಯಾಲ ಇದ್ದಾಂವಂದು, ಕೆಳಗ ನಿಂತ ಮಾಲಕಂದಲ್ಲ. ಇದನ್ನೂ ಬರೀರಿ.

ಅನಗೋಳ ಹಗ್ಗ:
ನೀವೆಲ್ಲಾ ಹೇಳಿದ್ದು ಕೂಡಿಸಿ ಸಾಲಿಗೆ ಕೊಡೋ ಕೊಟೇಶನ್ ಬರದೇನಿ, ತಪ್ಪಿದ್ರ ತಿದ್ರಿ.

"ಸಾಲಿ ಹಿಂದಿನ ಮೈದಾನದ ಎರಡು ನೀಲಗಿರಿ, ಸುತ್ತಳತಿ 5 ಫುಟ್ ಮತ್ತು 4 ಫುಟ್, ಪೂರ್ತಿ ಕಡಿಯುವುದು. ಗೇಟ್ ಹತ್ತಿರದ ಒಂದು ರೇನ್ ಟ್ರೀ, ಕಟ್ಟಡದ ಕಡೆಯ ಟೊಂಗೆಗಳನ್ನು ತೆಗೆಯುವುದು. ಕಸ ಸ್ವಚ್ಛ ಮಾಡುವುದು. ಬೊಡ್ಡೆ ಕೀಳುವುದು ಇದರಲ್ಲಿ ಸೇರಿಲ್ಲ. ಪರವಾನಗಿ ಸಾಲೆಯವರದು. ರಜೆ ದಿನ ಮಾತ್ರ ಕೆಲಸ. ಹಣ ಎರಡು ಕಂತಿನಲ್ಲಿ."

ಹಿಂಡಲಗಾ ಗರಗಸ:
ಚೊಲೋ ಐತಿ, ನಾಕು ಕಡೆ ಬಿಗಿ ಮಾಡು. "ಕಸ ಸ್ವಚ್ಛ" ತೆಗಿ, ಮತ್ತ ಅದ ಜಗಳ. "ಟೊಂಗಿ, ತಪ್ಪಲ, ದಿಮ್ಮಿ ಎಲ್ಲಾ ಸಾಲಿ ಆವರಣದಿಂದ ಹೊರಗ ಸಾಗಿಸೋದು, ಗರಗಸದ ಹೊಟ್ಟು ಗುಡಿಸಿ ಒಂದು ಕಡೆ ಒಟ್ಟೋದು" ಅಂತ ಬರಿ. "ಬೊಡ್ಡಿ ನೆಲದಿಂದ 4 ಇಂಚಿನೊಳಗ ಕೊಯ್ದು ಬಿಡೋದು" ಅಂತ ಹಾಕು, ಹುಡುಗ್ರು ಆಡೋ ಮೈದಾನ ಐತಿ, ಎಡವಬಾರದು, ಅವ್ರು ಬೊಡ್ಡಿ ಕೀಳೋದ ಬೇಕಂದ್ರ ಬ್ಯಾರೆ ರೇಟ್ ಪಕ್ಕದಾಗ ಕೊಡು. ನೀಲಗಿರಿ ದಿಮ್ಮಿ ಯಾರಿಗೆ ಅಂತ ಬರದೇ ಇಲ್ಲ, ಸಾಲಿಗೆ ಬೇಕಂದ್ರ ಎಲ್ಲಿ ಒಟ್ಟಬೇಕು, ಎಷ್ಟು ಉದ್ದ ತುಂಡು ಮಾಡಬೇಕು ಕೇಳು.

ರೇನ್ ಟ್ರೀದು ಭಾಳ ಮುಖ್ಯ. "ಕಟ್ಟಡದ ಕಡೆಯ ಟೊಂಗಿ" ಅಂದ್ರ ಅವ್ರು ಆ ಕಡೆ ಪೂರ್ತಿ ಬೋಳಸು ಅಂತಾರ. ಒಂದ ಬದಿ ಬೋಳಿಸಿದ ಗಿಡ ಇನ್ನೊಂದು ಬದಿಗೆ ಭಾರ ಆಗಿ ಮಳಿಗಾಲದಾಗ ಅತ್ಲಾಗ ಬೀಳ್ತೈತಿ, ಅತ್ಲಾಗ ಗೇಟ್ ಐತಿ, ಹುಡುಗ್ರು ನಿಲ್ಲೋ ಜಾಗ. ಒಟ್ಟು ಹಸರಿನ ಕಾಲು ಭಾಗಕ್ಕಿಂತ ಹೆಚ್ಚು ತಗಿಯಂಗಿಲ್ಲ ಅಂತ ಬರಿ. ಯಾವ ಟೊಂಗಿ ಅಂತ ಸುಣ್ಣದ ಪಟ್ಟಿ ಬಳದು, ಹೆಡ್‌ಮಾಸ್ಟರ್ ಮುಂದ ನಿಲ್ಲಿಸಿ ತೋರಿಸಿ, ಫೋಟೋ ತಗದು ಕೊಟೇಶನ್ನಿಗೆ ಹಚ್ಚು. ದಪ್ಪ ಟೊಂಗಿ ಮೂರು ಕೊಯ್ತದಾಗ ತಗೀಬೇಕು: ಕೆಳಗಿಂದ ಒಂದು ಅರ್ಧ ಕೊಯ್ತ, ಅದರ ಮುಂದ ಮ್ಯಾಲಿಂದ ಒಂದು, ಟೊಂಗಿ ಬಿದ್ದ ಮ್ಯಾಲ ಉಳದ ಮೋಟನ್ನ ಟೊಂಗಿ ಬುಡದ ಉಬ್ಬಿನ ಹೊರಗ ಒಂದು. ಹಂಗ ಮಾಡದಿದ್ರ ತೊಗಟಿ ಬೊಡ್ಡಿತನಕ ಸಿಗದು ಬರ್ತೈತಿ, ಆ ಗಾಯದಾಗ ನೀರು ಇಳದು ನಾಕು ವರ್ಷದಾಗ ಗಿಡ ಒಳಗಿಂದ ಕೊಳೀತೈತಿ. ಈ ಕೆಲಸಕ್ಕ ಹೊತ್ತು ಹಿಡೀತೈತಿ, ಆ ಹೊತ್ತಿನ ರೊಕ್ಕ ರೇಟಿನ್ಯಾಗ ಇರಬೇಕು.

ಟಿಳಕವಾಡಿ ಸೊಸೈಟಿ:
ಒಂದು ಸೇರಿಸಿ. ಕೆಲಸದ ನಡುವೆ ಇದೊಂದು ಟೊಂಗೆನೂ ಹೊಡೆದುಬಿಡಿ ಅಂತ ಯಾರಾದ್ರೂ ಬಂದು ಹೇಳ್ತಾರೆ, ವಾಚ್‌ಮನ್ ಹೇಳ್ತಾರೆ, ಮೇಲಿನ ಮನೆಯವರು ಹೇಳ್ತಾರೆ. ಹೆಚ್ಚಿನ ಕೆಲಸಕ್ಕೆ ಒಬ್ಬರ ಹೆಸರು ನಂಬರ್ ಬರೆಸಿಕೊಳ್ಳಿ, ಅವರಿಂದ ಮೆಸೇಜ್ ಬಂದ್ರೆ ಮಾತ್ರ ಮಾಡಿ, ಆ ಮೆಸೇಜಲ್ಲೇ ರೇಟ್ ಇರಲಿ.

ಬೇವು ವಿಜಯಪುರ:
ಹೆಜ್ಜೇನು ಇದ್ರ ಏನು ಬರೀತೀರಿ? ನಮ್ಮ ಕಡೆ ಬ್ಯಾಸಗಿ ಮುಗಿಯೋ ಹೊತ್ತಿಗೆ ಹುಣಸಿ ಗಿಡದಾಗ ಇರ್ತಾವ.

ಹಿಂಡಲಗಾ ಗರಗಸ:
"ಹೆಜ್ಜೇನು ಇರೋತನಕ ಕೆಲಸ ಇಲ್ಲ, ಹುಳ ಎದ್ದು ಹೋದ ಮ್ಯಾಲ ದಿನ ಗೊತ್ತು ಮಾಡೋದು, ರೇಟ್ ಅದ, ಬೆಂಕಿ ಹೊಗಿ ಹಾಕಿ ಎಬ್ಬಸಂಗಿಲ್ಲ." ನಾನು ಇಷ್ಟ ಬರೀತೇನಿ. ಗಿರಾಕಿ ಅವಸರ ಮಾಡಿದ್ರ ಜೇನು ಬಿಡಸೋ ಮಂದಿನ್ನ ಕರಸ್ರಿ ಅಂತೇನಿ, ಅವ್ರ ರೊಕ್ಕ ಗಿರಾಕಿದ. ಗರಗಸದ ಸಪ್ಪಳಕ್ಕ ಹುಳ ಎದ್ದಾಗ ಬೆಲ್ಟ್ ಕಟಗೊಂಡು ಮ್ಯಾಲಿದ್ದಾಂವ ಇಳಿಯಾಕ ಹೊತ್ತು ಸಿಗಂಗಿಲ್ಲ.

ಅನಗೋಳ ಹಗ್ಗ:
ಎಲ್ಲಾ ಸೇರಿಸಿದ್ನಿ. ಮರಾಠಿ ಪ್ರತಿ ಗೆಳೆಯಾ ಬರದು ಕೊಡ್ತಾನ, ಉದ್ಯಮ್ ಅರ್ಜಿನೂ ಹಾಕ್ತೇನಿ. ಸುಣ್ಣದ ಪಟ್ಟಿ ಬಳಿಯಾಕ ಸಾಲಿಗೆ ಹೋಗೋ ದಿನ ಹೆಡ್‌ಮಾಸ್ಟರ್‌ನ ಕೇಳೇನಿ, ಪರವಾನಗಿ ಬೇಕಾದ ಗಿಡ ಯಾವುದು ಅಂತ ಮೊದಲ ಅರಣ್ಯ ಇಲಾಖೆ ಆಫೀಸಿಗೆ ಹೋಗಿ ಕೇಳಕೊಂಡು ಬರ್ತೇವಿ.